ಸಿಂಹದ ಮರಿಗೆ ಬಾಟಲಿ ಹಾಲು ಕುಡಿಸುವ ಮುನ್ನ

ದಕ್ಷಿಣ ಆಫ್ರಿಕಾಕ್ಕೆ ಪುಟ್ಟ ಮಕ್ಕಳೊಂದಿಗೆ ಸ್ವಯಂಸೇವೆಗೆ ಹೋಗುವ ಕುಟುಂಬಗಳಿಗೆ ಕೆಲವು ಖಾಸಗಿ ಫಾರ್ಮ್‌ಗಳು ಒಡ್ಡುವ ದೊಡ್ಡ ಆಮಿಷ ಸಿಂಹದ ಮರಿ. ತೊಡೆಯ ಮೇಲೆ ಮಲಗಿಸಿಕೊಂಡು ಬಾಟಲಿಯಲ್ಲಿ ಹಾಲು ಕುಡಿಸಬಹುದು. ತಬ್ಬಲಿ ಮರಿ ಎನ್ನುತ್ತಾರೆ. ವರ್ಷವಿಡೀ ಇಷ್ಟೊಂದು ತಬ್ಬಲಿಗಳು ಎಲ್ಲಿಂದ ಬರುತ್ತವೆ? ಕಾಡಿನಲ್ಲಿ ಮರಿ ಆರೇಳು ತಿಂಗಳು ತಾಯಿಯ ಹಾಲು ಕುಡಿಯುತ್ತದೆ, ಸಿಂಹಿಣಿ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಈಯುತ್ತದೆ. ಇಂಥ ಫಾರ್ಮ್‌ಗಳಲ್ಲಿ ಹುಟ್ಟಿದ ಕೆಲವೇ ದಿನಗಳಲ್ಲಿ ಮರಿಯನ್ನು ಬೇರ್ಪಡಿಸುತ್ತಾರೆ, ತಾಯಿ ಬೇಗ ಮತ್ತೆ ಬೆದೆಗೆ ಬರುತ್ತದೆ. ಹೀಗೆ ಬೆಳೆದ ಸಿಂಹಗಳು ಬೇಟೆಗಾರರ ಗುಂಡಿಗೆ ಬಲಿಯಾಗುವುದನ್ನು 2015ರ ‘ಬ್ಲಡ್ ಲಯನ್ಸ್’ ಸಾಕ್ಷ್ಯಚಿತ್ರ ಬಯಲಿಗೆಳೆಯಿತು; 2021ರಲ್ಲಿ ಅಲ್ಲಿನ ಸರ್ಕಾರವೇ ಸಿಂಹ ಸಾಕಣೆಯ ಈ ಉದ್ಯಮವನ್ನು ನಿಲ್ಲಿಸುವ ನಿರ್ಧಾರ ಪ್ರಕಟಿಸಿತು.

ಮುಟ್ಟದೆ ಮಕ್ಕಳಿಗೆ ಪ್ರಾಣಿಪ್ರೀತಿ ಹುಟ್ಟೀತೇ ಎಂದು ಕೇಳುವವರಿದ್ದಾರೆ. ಖಂಡಿತ ಹುಟ್ಟುತ್ತದೆ. ಕ್ರೂಗರ್ ಕಾಡಿನಲ್ಲಿ ವಾಹನದೊಳಗೆ ಸದ್ದಿಲ್ಲದೆ ಕೂತು, ತಲೆ ಕೆಳಗೆ ಮಾಡಿ ಹಿಂಗಾಲಿನಿಂದ ಉಂಡೆ ಉರುಳಿಸುವ ಸಗಣಿ ಹುಳುವನ್ನು ಕಂಡ ಮಗುವಿನ ಪ್ರಶ್ನೆಗಳು ಸುಲಭಕ್ಕೆ ಮುಗಿಯುವುದಿಲ್ಲ. ನಮ್ಮ ಹಣದಿಂದ ಮರಿ ಬದುಕುತ್ತದಲ್ಲ ಎಂಬ ವಾದವೂ ನಿಲ್ಲದು: ಮನುಷ್ಯರ ಕೈಯಲ್ಲಿ ಬೆಳೆದು ಅಂಜಿಕೆ ಕಳೆದುಕೊಂಡ ಸಿಂಹವನ್ನು ಕಾಡಿಗೆ ಬಿಡುವಂತಿಲ್ಲ. ಬುಕ್ ಮಾಡುವ ಮೊದಲು ಕೇಳಿ: ಮರಿಯ ತಾಯಿ ಎಲ್ಲಿದೆ? ದೊಡ್ಡದಾದ ಮೇಲೆ ಮರಿ ಎಲ್ಲಿಗೆ ಹೋಗುತ್ತದೆ? ನೇರ ಉತ್ತರ ಸಿಗದಿದ್ದರೆ ದಯವಿಟ್ಟು ಹಣ ಕಟ್ಟಬೇಡಿ.