ಭೂಪಟಕ್ಕಿಂತ ಮೊದಲು ಊರು

ನಿಮ್ಮ ತಮ್ಮ ತಂಗಿಯರಿಗೆ ಭೂಗೋಳ ಹೇಳಿಕೊಡುವಾಗ ಖಂಡಗಳ ಹೆಸರು ಬಾಯಿಪಾಠ ಮಾಡಿಸಬೇಡಿ, ಊರಿನಿಂದಲೇ ಆರಂಭಿಸಿ. ಹಿರಿಯೂರು ತಾಲ್ಲೂಕಿನ ಹರಿಯಬ್ಬೆಯನ್ನೇ ತೆಗೆದುಕೊಳ್ಳೋಣ. ಇದು ಮಳೆನೆರಳಿನ ಸೀಮೆ. ಮುಂಗಾರಿನ ಮೋಡಗಳು ಪಶ್ಚಿಮ ಘಟ್ಟದಲ್ಲೇ ಬಹುಪಾಲು ಸುರಿದು, ಇತ್ತ ಬರಿದಾಗಿ ಬರುತ್ತವೆ. ಮಳೆ ಕಡಿಮೆಯಾದ್ದರಿಂದ ಬೇಸಾಯದ ಜೊತೆ ಕುರಿ ಸಾಕಣೆ. ಕುರಿಗಳಿಗಾಗಿ ಮೇವು ಅರಸುವ ಅಲೆದಾಟ. ಕಾಡುಗೊಲ್ಲರ ಹಟ್ಟಿಗೆ ಮುಳ್ಳುಬೇಲಿ. ನೆಲದ ಪಾಠವನ್ನೂ ಜನರ ಪಾಠವನ್ನೂ ಬೇರೆ ಮಾಡಿದರೆ ಹಟ್ಟಿಯ ಮಗುವಿಗೆ ತನ್ನ ಮನೆ ಪುಸ್ತಕದಲ್ಲಿ ವಿಚಿತ್ರವೆಂಬಂತೆ ಕಾಣುತ್ತದೆ. ಇದು ಸಣ್ಣ ನಷ್ಟವಲ್ಲ.

ಇದೇ ತಾಲ್ಲೂಕಿನ ಮಾರಿಕಣಿವೆಯಲ್ಲಿ, ವೇದಾವತಿಗೆ ಕಟ್ಟಿದ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವೆ 89 ವರ್ಷ! ಮಕ್ಕಳು ಮನೆಯ ಹಿರಿಯರನ್ನು ಕೇಳಿ ಬರಲಿ: ನಮ್ಮ ಬಾವಿ ಬತ್ತಿದ್ದು ಯಾವಾಗ? ಆಗ ಕುರಿಗಳನ್ನು ಎತ್ತ ಹೊಡೆದುಕೊಂಡು ಹೋದಿರಿ?