ಹಳೆಯ ಕಾರ್ಡ್, ಹೊಸ ಲ್ಯಾಪ್‌ಟಾಪ್

ಪ್ರಶ್ನೆ: 2004ರಲ್ಲಿ ಸುರಪುರದಲ್ಲಿ ನಡೆದ ಅಕ್ಕನ ಮದುವೆಯ ಫೋಟೊಗಳು ಒಂದು ಎಕ್ಸ್‌ಡಿ ಕಾರ್ಡ್‌ನಲ್ಲಿವೆ. ಅದನ್ನು ವಿಂಡೋಸ್ 11 ಲ್ಯಾಪ್‌ಟಾಪಿಗೆ ಜೋಡಿಸಿದರೆ ‘ಫಾರ್ಮ್ಯಾಟ್ ಮಾಡಬೇಕೆ?’ ಎಂದು ಕೇಳುತ್ತದೆ. ಏನು ಮಾಡಲಿ?
– ಓದುಗರು, ಶಹಾಪುರ

ಉತ್ತರ: ಮೊದಲು ‘ಕ್ಯಾನ್ಸಲ್’ ಒತ್ತಿ. ಸುರಪುರ ಇನ್ನೂ ಗುಲ್ಬರ್ಗಾ ಜಿಲ್ಲೆಯಲ್ಲಿದ್ದ ಕಾಲದ ಚಿತ್ರಗಳವು, ಮತ್ತೆ ಸಿಗುವಂಥವಲ್ಲ.

ಹೆಚ್ಚಿನ ಸಲ ತಪ್ಪು ವಿಂಡೋಸಿನದಲ್ಲ. ಆ ಕಾರ್ಡ್‌ಗಳ ಫ್ಯಾಟ್ ಕಡತ ವ್ಯವಸ್ಥೆಯನ್ನು ವಿಂಡೋಸ್ 11 ಈಗಲೂ ಓದುತ್ತದೆ. ತೊಡಕಿರುವುದು ಕಾರ್ಡ್ ರೀಡರ್‌ನಲ್ಲಿ. ಒಲಿಂಪಸ್ ಮತ್ತು ಫ್ಯೂಜಿಫಿಲ್ಮ್ 2002ರಲ್ಲಿ ತಂದ ಎಕ್ಸ್‌ಡಿ ಕಾರ್ಡಿನೊಳಗೆ ನಿಯಂತ್ರಕ ಚಿಪ್ ಇಲ್ಲ. ಬರಿಯ ಮೆಮೊರಿ ಮಾತ್ರ. ಯಾವ ಮಾಹಿತಿ ಎಲ್ಲಿದೆ ಎಂಬ ಲೆಕ್ಕವನ್ನು ರೀಡರೇ ಇಡಬೇಕು. ಈಗಿನ ಅಗ್ಗದ ರೀಡರ್‌ಗಳಿಗೆ ಅದು ಬಾರದು. ಎಸ್‌ಡಿ ಕಾರ್ಡಿಗೆ ಈ ತಾಪತ್ರಯವಿಲ್ಲ, ಅದರ ನಿಯಂತ್ರಕ ಅದರೊಳಗೇ ಇದೆ.

ಹಳೆಯ ಕ್ಯಾಮೆರಾ ಇನ್ನೂ ಚಾಲೂ ಆಗುತ್ತದೆಯೇ? ಹಾಗಿದ್ದರೆ ಕಾರ್ಡನ್ನು ಅದರಲ್ಲೇ ಹಾಕಿ, ಯುಎಸ್‌ಬಿ ತಂತಿಯಿಂದ ಜೋಡಿಸಿ. ಇದೇ ಎಲ್ಲಕ್ಕಿಂತ ಭದ್ರ ದಾರಿ. ಇಲ್ಲವಾದರೆ ಎಕ್ಸ್‌ಡಿ ಎಂದು ಸ್ಪಷ್ಟವಾಗಿ ನಮೂದಿಸಿದ ಯುಎಸ್‌ಬಿ ರೀಡರ್ ಹುಡುಕಿ. ಯಾದಗಿರಿ, ಶಹಾಪುರದ ಹಳೆಯ ಫೋಟೊ ಸ್ಟುಡಿಯೋಗಳಲ್ಲೂ ವಿಚಾರಿಸಿ. ಆಮೇಲೂ ಕಡತಗಳು ಕಾಣದಿದ್ದರೆ ಫೋಟೊರೆಕ್ ಎಂಬ ಉಚಿತ ತಂತ್ರಾಂಶ ಬಳಸಿ, ಸಿಕ್ಕ ಚಿತ್ರಗಳನ್ನು ಲ್ಯಾಪ್‌ಟಾಪಿನಲ್ಲೇ ಉಳಿಸಿ. ಕಾರ್ಡಿಗೆ ಏನನ್ನೂ ಬರೆಯಬೇಡಿ.

ಚಿತ್ರಗಳು ಸಿಕ್ಕ ದಿನವೇ ಎರಡು ಕಡೆ ಪ್ರತಿ ಮಾಡಿ, ಅಕ್ಕನಿಗೂ ಒಂದು ಕಳಿಸಿ.