ಬೆಟ್ಟದ ಬುಡದ ಹುಡುಗನಿಗೆ ಸಿಕ್ಕ 120 ವ್ಯಾಟ್ ಗುಡುಗು!

ಮೆಟಲ್ ಎಂದರೆ ಬರೀ ಕಿರುಚಾಟ ಎನ್ನುವವರೇ ನಮ್ಮ ಕಡೆ ಹೆಚ್ಚು. 2011ರಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೆ ಮೆಟಾಲಿಕಾ ಬಂದಾಗ ಸಾವಿರಾರು ಜನ ಸೇರಿದ್ದರು ಎಂದರೂ ನಂಬುವುದಿಲ್ಲ. ಬಿಳಿಗಿರಿರಂಗನ ಬೆಟ್ಟದ ಬುಡದಲ್ಲಿ, ಯಳಂದೂರಿನ ಪಕ್ಕದ ಹಳ್ಳಿ ನಮ್ಮದು. ಇಲ್ಲಿ ರಾತ್ರಿ ಜೋರು ಸದ್ದಾದರೆ ಗದ್ದೆಗೆ ಆನೆ ಬಂತು, ಯಾರೋ ಪಟಾಕಿ ಹೊಡೆದರು ಎಂದೇ ಅರ್ಥ! ಹಾಗಾಗಿ ರಜೆಗೆ ಬಂದಾಗ ನನ್ನ ಎಲೆಕ್ಟ್ರಿಕ್ ಗಿಟಾರ್ ಏನಿದ್ದರೂ ಮೊಬೈಲ್ ಆ್ಯಪ್ ಮತ್ತು ಹೆಡ್‌ಫೋನಿನಲ್ಲಿ ಮಾತ್ರ.

ಆ್ಯಪಿನಲ್ಲಿ ನನ್ನ ಮೆಚ್ಚಿನದು 'ಪೀವಿ 6505' ಎಂಬ ಟ್ಯೂಬ್ ಆಂಪ್ಲಿಫೈಯರಿನ ನಕಲು. ಈ ವರ್ಷ ಮೈಸೂರಿನ ಒಂದು ಜ್ಯಾಮ್ ರೂಮಿನಲ್ಲಿ ಗಂಟೆ ಬಾಡಿಗೆಯನ್ನು ಮೂವರು ಹಂಚಿಕೊಂಡು ಅಸಲಿಯನ್ನೇ ನುಡಿಸಿದೆವು.

1992ರಲ್ಲಿ ಗಿಟಾರ್ ವಾದಕ ಎಡ್ಡಿ ವ್ಯಾನ್ ಹೇಲನ್ ಜೊತೆಗೂಡಿ ಅಮೆರಿಕದ ಪೀವಿ ಕಂಪನಿ ಇದನ್ನು '5150' ಎಂಬ ಹೆಸರಿನಲ್ಲಿ ತಂದಿತು. ಅವರು ಬೇರೆಯಾದ ಮೇಲೆ 6505 ಎಂದಾಯಿತು. ಒಳಗೆ ಐದು ಪುಟ್ಟ 12ಎಎಕ್ಸ್7 ಟ್ಯೂಬ್, ನಾಲ್ಕು ದೊಡ್ಡ 6ಎಲ್6 ಟ್ಯೂಬ್. ತಾತನ ಕಾಲದ ವಾಲ್ವ್ ರೇಡಿಯೊ ಜಾತಿಯದೇ. ಬೆಂಗಳೂರಿನ ಬಿಇಎಲ್ ಕೂಡ 1960ರ ದಶಕದಲ್ಲಿ ವಾಲ್ವ್ ತಯಾರಿಸುತ್ತಿತ್ತು. ಸ್ವಿಚ್ ಒತ್ತಿದ ಕೂಡಲೇ ಸದ್ದು ಬಾರದು. ಟ್ಯೂಬ್ ಕಾಯುವವರೆಗೂ ನಾವೂ ಕಾಯಬೇಕು.

ದಪ್ಪ ತಂತಿಯ ಮೇಲೆ ಅಂಗೈ ಒತ್ತಿ ಒಂದು ಏಟು ಕೊಟ್ಟೆ. ಪ್ಯಾಂಟೇ ಅದುರಿತು! ನಾಲ್ಕು ಸ್ಪೀಕರ್ ತಳ್ಳುವ ಗಾಳಿ ಹೆಡ್‌ಫೋನಿನಲ್ಲಿ ಎಲ್ಲಿ ಸಿಗಬೇಕು? ಗೇನ್ ಅರ್ಧಕ್ಕಿಟ್ಟರೆ ಧಾರಾಳ. ಅದರಾಚೆ ತಿರುಗಿಸಿದರೆ ಸ್ವರಗಳು ಕಲಸಿಹೋಗುತ್ತವೆ, ಕೈ ಎತ್ತಿದರೆ ಮಳೆ ಸುರಿದಂಥ 'ಸ್ಸ್' ಸದ್ದು. ಕ್ಲೀನ್ ಸದ್ದು ಮಾತ್ರ ಸಪ್ಪೆ. ಆದರೆ ಬೆರಳು ಹಗುರಾದರೆ ಗರ್ಜನೆಯೂ ಹಗುರಾಗುತ್ತದೆ. ನನ್ನ ಆ್ಯಪಿನಲ್ಲಿ ಈ ಸ್ಪಂದನೆ ಇಷ್ಟು ಸಿಕ್ಕಿರಲಿಲ್ಲ.

ನಾನು ಓದುತ್ತಿರುವುದು ಬಿಇ ಎಲೆಕ್ಟ್ರಾನಿಕ್ಸ್. ಅಲೆಯ ತಲೆ ಕತ್ತರಿಸಿಹೋಗುವ 'ಕ್ಲಿಪ್ಪಿಂಗ್' ಆಂಪ್ಲಿಫೈಯರಿನ ದೋಷ ಎಂದು ಕ್ಲಾಸಿನಲ್ಲಿ ಬರೆದುಕೊಂಡವನು. ಇಲ್ಲಿ ಅದನ್ನೇ ಬೇಕೆಂದು ಮಾಡುತ್ತಾರೆ. ಒಂದು ಟ್ಯೂಬಿನಿಂದ ಬಂದ ಸಿಗ್ನಲ್ ಮುಂದಿನದಕ್ಕೆ ಮಿತಿಮೀರಿ ನುಗ್ಗುತ್ತದೆ, ತಲೆ ಚಪ್ಪಟೆಯಾಗುತ್ತದೆ, ಮೂಲದಲ್ಲಿ ಇಲ್ಲದ ಹಾರ್ಮೋನಿಕ್ಸ್ ಹುಟ್ಟುತ್ತವೆ. ಮೆಟಲ್‌ನ ಗರ್ಜನೆ ಅಂದರೆ ಅದೇ. ಪರೀಕ್ಷೆಗಾಗಿ ಉರುಹೊಡೆದ ಪಾಠ ಅಂದು ಕಿವಿಗೆ ಕೇಳಿಸಿತು.

ನಮ್ಮ ಕ್ಲಾಸಿನಲ್ಲಿ ಪ್ಲೇಸ್‌ಮೆಂಟ್ ಎಂದರೆ ಕೋಡಿಂಗ್, ಅನಲಾಗ್ ಪಾಸಾದರೆ ಸಾಕು ಎಂಬ ಮಾತಿದೆ. ನಾನು ಮುಂದಿನ ಸೆಮಿಸ್ಟರಿಗೆ ಅನಲಾಗ್ ಸರ್ಕ್ಯೂಟ್ ವಿಷಯವನ್ನೇ ಆರಿಸಿಕೊಂಡಿದ್ದೇನೆ. ಕೆಲಸ ಬೇಗ ಸಿಗದಿರಬಹುದು ಎಂಬ ಅಳುಕು ಇದ್ದೇ ಇದೆ. ಆಂಪ್ ಕೊಳ್ಳುವ ದುಡ್ಡಿಗೆ ಹೊಸ ಸ್ಕೂಟರ್ ಬರುತ್ತದೆ, ಆದ್ದರಿಂದ ಆ ಆಸೆ ಬದಿಗಿಟ್ಟೆ. ಬಿಚ್ಚಿ ನೋಡುವುದೂ ಸಲ್ಲ. ಆಫ್ ಮಾಡಿದ ಮೇಲೂ ಕೆಪಾಸಿಟರಿನಲ್ಲಿ ನೂರಾರು ವೋಲ್ಟ್ ಉಳಿದಿರಬಹುದು. ಲ್ಯಾಪ್‌ಟಾಪಿನಲ್ಲಿ ಎಲ್‌ಟಿಸ್ಪೈಸ್ ಎಂಬ ಉಚಿತ ಸಾಫ್ಟ್‌ವೇರ್ ಹಾಕಿಕೊಂಡು ಒಂದೊಂದೇ ಟ್ಯೂಬಿನ ಹಂತ ಬಿಡಿಸುತ್ತಿದ್ದೇನೆ.

"ಅದು ಅನ್ನ ಕೊಟ್ಟದಾ ಮಗ?" ಎಂದು ಅವ್ವ ಕೇಳುತ್ತಾಳೆ. ಗಿಟಾರ್ ಕೊಡುತ್ತೋ ಇಲ್ಲವೋ, ಅದರ ಸರ್ಕ್ಯೂಟ್ ಕೊಡಬಹುದವ್ವ ಅಂದಿದ್ದೇನೆ. ಗೆಳೆಯರೇ, ನಿಮ್ಮ ಹವ್ಯಾಸದ ವಸ್ತು ಒಳಗೆ ಹೇಗೆ ಕೆಲಸ ಮಾಡುತ್ತದೆ ಎಂದು ಒಮ್ಮೆ ಹುಡುಕಿ ನೋಡಿ. ಸಿಲೆಬಸ್‌ನ ಯಾವುದೋ ಪುಟ ಅಲ್ಲೇ ಸಿಕ್ಕೀತು.